ಇರುವುದನ್ನು ನೆನೆದು ಹಣದ ಯೋಜನೆ ಮಾಡುವ ಬಗೆ

ಹಣದ ಲೆಕ್ಕಕ್ಕೆ ಕೂತಾಗ ನಾವು ಸಾಮಾನ್ಯವಾಗಿ ಕೊರತೆಯಿಂದಲೇ ಆರಂಭಿಸುತ್ತೇವೆ. ಅದರ ಬದಲು, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಈಗಾಗಲೇ ಕೈಯಲ್ಲಿರುವುದನ್ನು ಬರೆಯಿರಿ: ಉಳಿತಾಯ, ತೀರಿಸಿದ ಸಾಲ, ದುಡಿಯಬಲ್ಲ ಆರೋಗ್ಯ, ಕಷ್ಟದಲ್ಲಿ ಕೈಹಿಡಿದವರ ಹೆಸರು. ಇದು ಬರಿಯ ಸಮಾಧಾನದ ಮಾತಲ್ಲ. ಮನಶ್ಶಾಸ್ತ್ರಜ್ಞ ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಭಾವದಲ್ಲಿದ್ದವರು ತಕ್ಷಣದ ಸಣ್ಣ ಮೊತ್ತವನ್ನು ಬಿಟ್ಟು ಮುಂದೆ ಸಿಗುವ ದೊಡ್ಡ ಮೊತ್ತಕ್ಕಾಗಿ ಕಾಯಲು ಹೆಚ್ಚು ಸಿದ್ಧರಿದ್ದರು.

ಬಳಿಕ ಒಂದು ತಿಂಗಳ ಖರ್ಚಿನ ಪಟ್ಟಿಯನ್ನು ಮುಂದಿಟ್ಟುಕೊಂಡು, ಪ್ರತಿ ಸಾಲಿನ ಎದುರು ‘ಇದು ನನಗೆ ಏನು ಕೊಟ್ಟಿತು?’ ಎಂದು ಕೇಳಿಕೊಳ್ಳಿ. ಮಗಳ ಶಾಲೆಯ ಶುಲ್ಕದ ಮುಂದೆ ಉತ್ತರ ತಾನಾಗಿ ಬರುತ್ತದೆ. ಬಳಸದೆ ಬಿಟ್ಟ ಚಂದಾದ ಮುಂದೆ ಪೆನ್ನು ನಿಂತುಬಿಡುತ್ತದೆ. ಅಂಥದ್ದನ್ನು ಅಂದೇ ನಿಲ್ಲಿಸಿ. ಹೀಗೆ ಉಳಿದ ಹಣದಿಂದ ದುಬಾರಿ ಬಡ್ಡಿಯ ಸಾಲ ತೀರಿಸಿ, 3ರಿಂದ 6 ತಿಂಗಳ ಖರ್ಚಿಗೆ ಸಾಲುವ ಆಪತ್ತಿನ ನಿಧಿ ಕಟ್ಟಿ, ಮಿಕ್ಕಿದ್ದನ್ನು ದೀರ್ಘಾವಧಿಗೆ ಹೂಡಿ; ವರ್ಷಕ್ಕೆ ಶೇ 8ರ ಚಕ್ರಬಡ್ಡಿಯಲ್ಲಿ ಹಣ ಸುಮಾರು 9 ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ.

ಆದರೆ ಕೃತಜ್ಞತೆಯ ಹೆಸರಿನಲ್ಲಿ ಕಡಿಮೆ ಸಂಬಳವನ್ನು ಒಪ್ಪಿಕೊಂಡು ಸುಮ್ಮನಿರಬೇಕಿಲ್ಲ. ದುಡಿಮೆಗೆ ತಕ್ಕದ್ದನ್ನು ಧೈರ್ಯವಾಗಿ ಕೇಳಿ; ಸಂಬಳ ಏರಿದ ತಿಂಗಳೇ ಆ ಹೆಚ್ಚಳದ ಅರ್ಧವನ್ನು ಉಳಿತಾಯಕ್ಕೆ ತೆಗೆದಿಡಿ.