ವಿಂಡೋಸ್, ಉಬುಂಟು ಎರಡಕ್ಕೂ ಒಂದೇ ಪಾರ್ಟಿಶನ್: ಯಾವ ಫಾರ್ಮ್ಯಾಟ್ ಒಳ್ಳೆಯದು?
ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ ಅಲ್ವಾ? ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆ ಉಬುಂಟು (ಲಿನಕ್ಸಿನ ಒಂದು ಬಗೆ) ಕೂಡ ಇದ್ದರೆ, ಎರಡರಲ್ಲೂ ಬೇಕಾಗುವ ಫೋಟೋ, ಪಾಠಗಳಿಗೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನ (ಫೈಲುಗಳನ್ನು ಡಿಸ್ಕಿನಲ್ಲಿ ಇಡುವ ಕ್ರಮ) ಪಾರ್ಟಿಶನ್, ಅಂದರೆ ಡಿಸ್ಕಿನ ಒಂದು ಪ್ರತ್ಯೇಕ ಭಾಗ, ಮಾಡಿ. ಫ್ಯಾಟ್32 ಫಾರ್ಮ್ಯಾಟ್ ಬೇಡ, ಮದುವೆ ವಿಡಿಯೋ 4 ಜಿಬಿ ದಾಟಿದರೆ ಅದರಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ಸಾಕು. ಆದರೆ ಅದರಲ್ಲಿ ಜರ್ನಲಿಂಗ್ (ಮಾಡುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ) ಇಲ್ಲ. ನಮ್ಮ ಮಳೆಗಾಲದಲ್ಲಿ ಕಾಪಿ ಮಾಡುವಾಗಲೇ ಕರೆಂಟು ಹೋದರೆ ಫೈಲುಗಳು ಕೆಡುವ ಭಯ ಜಾಸ್ತಿ.

ಎಲ್ಲಕ್ಕಿಂತ ಮುಖ್ಯ, ವಿಂಡೋಸಿನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಉಬುಂಟುವಿನಲ್ಲಿ ಫೈಲು ಓದಬಹುದು, ಸೇವ್ ಮಾಡಲಾಗುವುದಿಲ್ಲ. ಮಗಳ ಪ್ರಾಜೆಕ್ಟ್ ಸೇವ್ ಆಗದೆ ನಾನು ರಾತ್ರಿ ಹನ್ನೊಂದರವರೆಗೆ ಒದ್ದಾಡಿದ್ದು ಇದಕ್ಕೇ.