ಹೋದಾಯೋತ್ ಸುರುಳಿ ನನಗೆ ಬಿಡಿಸಿಕೊಂಡ ಬಗೆ

ಹೋದಾಯೋತ್ ಅಂದರೆ ಮೃತ ಸಮುದ್ರದ ಬಳಿಯ ಕುಮ್ರಾನಿನಲ್ಲಿ ಸಿಕ್ಕ ಹಳೇ ಹೀಬ್ರೂ ಸ್ತುತಿಪದ್ಯಗಳ ಸುರುಳಿ. ಅದರ ಹಲವು ಪದ್ಯಗಳು 'ಓದೆಖಾ' ಎಂದು ಶುರುವಾಗುತ್ತವೆ. ಆ ಮಾತಿನಲ್ಲಿ ಸ್ತುತಿಯ ಜೊತೆ ತಪ್ಪೊಪ್ಪಿಗೆಯೂ ಇದೆ ಅಂತ ನನ್ನ ವಾದ. 'ಓದೆಖಾ ಅಂದರೆ ಸ್ತುತಿ, ಅಷ್ಟೇ. ಅದಕ್ಕೆ ತಪ್ಪೊಪ್ಪಿಗೆ ಅಂಟಿಸಬೇಡಿ' ಎಂದು ನಮ್ಮ ಓದಿನ ಗುಂಪಿನವರು ಎರಡು ವರ್ಷ ಹೇಳಿದರು. ಹೋದ ತಿಂಗಳು ಸುರುಳಿಯ ಹನ್ನೆರಡನೇ ಕಾಲಂ ಪೂರ್ತಿ ಓದಿ ತೋರಿಸಿದೆ. ಯಾರೂ ತಕರಾರು ಎತ್ತಲಿಲ್ಲ.

ಮೊದಲ ವರ್ಷ ಪೂರಾ ದಂಡ. ಕುಮ್ರಾನಿನ ಈ ಪದ್ಯಗಳನ್ನು ದಾವೀದನ ಕೀರ್ತನೆಗಳ ಹಾಗೆಯೇ ಓದುತ್ತಿದ್ದೆ. ಶತ್ರು ಎಂದ ಕೂಡಲೇ ಹೊರಗಿನ ಸೈನ್ಯ ಹುಡುಕುತ್ತಿದ್ದೆ. ಇಲ್ಲಿ ಬೈಸಿಕೊಳ್ಳುವವರು ಸ್ವಂತ ಜನರ ಬೋಧಕರು, ನಯವಾದ ಮಾತಾಡಿ ದಾರಿ ತಪ್ಪಿಸುವವರು!

ದುಡ್ಡಿನ ಕಥೆ ಬೇರೆ. ಹಳೇ ಪುಸ್ತಕವೊಂದನ್ನು ಸುಮಾರು 2,200 ರೂಪಾಯಿ ಕೊಟ್ಟು ತರಿಸಿದೆ. ಅದರಲ್ಲಿರುವುದು ಸುರುಳಿಯನ್ನು ಮೊದಲು ಪ್ರಕಟಿಸಿದ ಸುಕೇನಿಕ್ ಅವರ ಹಳೇ ಕಾಲಂ ಎಣಿಕೆ. ಅಲ್ಲಿನ ನಾಲ್ಕನೇ ಕಾಲಂ ಈಗ ಹನ್ನೆರಡನೆಯದು. 'ಗೂಡಿನಿಂದ ಹಕ್ಕಿಯನ್ನು ಓಡಿಸಿದ ಹಾಗೆ ನನ್ನನ್ನು ನಾಡಿನಿಂದ ಓಡಿಸಿದರು' ಎಂಬ ಸಾಲಿಗಾಗಿ ತಪ್ಪು ಕಾಲಂನಲ್ಲಿ ಎರಡು ತಿಂಗಳು ತಡಕಾಡಿದೆ. ಕೊನೆಗೆ ಹೊಸ ಎಣಿಕೆಯ 2009ರ ಆವೃತ್ತಿಯಿಂದ ಬೇಕಾದ ಪುಟಗಳ ಜೆರಾಕ್ಸ್ ಸಿಕ್ಕಿತು. ಖರ್ಚು ಮುನ್ನೂರೋ ನಾನೂರೋ.

ಕೆಲಸಕ್ಕೆ ಬಂದದ್ದು ನಮ್ಮದೇ ಒಂದು ಮಾತು: ಒಪ್ಪಿಕೊಳ್ಳುವುದು. ಸಾಲವನ್ನೂ ಒಪ್ಪಿಕೊಳ್ಳುತ್ತೇವೆ, ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ, ಅಲ್ವಾ? ಓದೆಖಾ, ಹೋದಾಯೋತ್, ತೋದಾ ಎಲ್ಲ ಹುಟ್ಟುವ ಯೋದ್-ದಾಲೆತ್-ಹೇ ಎಂಬ ಹೀಬ್ರೂ ಧಾತುವೂ ಹಾಗೇ. ಬೈಬಲಿನಲ್ಲಿ ಕೊಳ್ಳೆಯ ಮಾಲು ಕದ್ದ ಆಕಾನನಿಗೆ ನಾಯಕ ಯೆಹೋಶುವ 'ದೇವರಿಗೆ ತೋದಾ ಕೊಡು' ಎನ್ನುವುದು ಕದ್ದದ್ದನ್ನು ಬಾಯಿ ಬಿಡಲಿ ಅಂತ. ಬೈಬಲಿನದೇ ಯಾಜಕಕಾಂಡದ ಏಳನೇ ಅಧ್ಯಾಯದಲ್ಲಿ ಅದೇ ತೋದಾ ರೊಟ್ಟಿಯ ಜೊತೆ ಕೊಡುವ ಕೃತಜ್ಞತೆಯ ಬಲಿ. ಕುಮ್ರಾನಿನ ಪಂಗಡದವರು ಯೆರೂಸಲೇಮಿನ ಯಾಜಕರಿಂದ ದೂರ ಸರಿದವರು. ಅವರ ನಿಯಮದ ಸುರುಳಿಯಲ್ಲಿ 'ತುಟಿಗಳ ಕಾಣಿಕೆ' ಎಂಬ ಮಾತಿದೆ. ಬಲಿಪೀಠದ ಜಾಗಕ್ಕೆ ಬಾಯಿ ಬಂತು, ನನ್ನ ಓದು ಇದು.

ಇಷ್ಟು ಹಿಡಿದ ಮೇಲೆ ಹನ್ನೆರಡನೇ ಕಾಲಂ ಸಲೀಸು. 'ನಿನ್ನ ಒಡಂಬಡಿಕೆಗಾಗಿ ನನ್ನ ಮುಖ ಬೆಳಗಿಸಿದೆ' ಎಂಬ ಉಪಕಾರದಿಂದ ಶುರು. ಮುಂದೆ ಅದೇ ಬಾಯಲ್ಲಿ ಮನುಷ್ಯ ಯೇಟ್ಸೆರ್ ಹೇಮಾರ್, ಬರೀ ಜೇಡಿಮಣ್ಣಿನ ಗೊಂಬೆ, ಗರ್ಭದಿಂದಲೇ ದೋಷಿ. ಆಮೇಲೆ ಕವಿ ತನ್ನ ಅಪರಾಧ, ಹಿರಿಯರ ದ್ರೋಹ ಎರಡನ್ನೂ ನೆನೆಯುತ್ತಾನೆ. ಮೊದಲು ಈ ತಪ್ಪೊಪ್ಪಿಗೆಯ ಭಾಗವನ್ನು ಯಾರೋ ಆಮೇಲೆ ಹೊಲಿದ ತೇಪೆ ಅಂದುಕೊಂಡಿದ್ದೆ. ನಾಚಿಕೆಯಾಗುತ್ತೆ.

ಹರಿದುಹೋದ ಜಾಗಗಳನ್ನು ಅನುವಾದ ನೋಡಿ ತುಂಬಬೇಡಿ. ನಾನು ತುಂಬಿ ಕೆಟ್ಟೆ. ಈಗ ಖಾಲಿಯನ್ನು ಖಾಲಿಯಾಗಿಯೇ ನಕಲು ಮಾಡುತ್ತೇನೆ. ಜೊತೆಗೆ ಎರಡು ಬಣ್ಣದ ಪೆನ್ನಿನ ಉಪಾಯವೊಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ, ಯೆಹೂದಿಗಳ ನಿತ್ಯದ ಪ್ರಾರ್ಥನೆ ಅಮಿದಾದಲ್ಲಿ ಬರುವ ಕೃತಜ್ಞತೆಯ ಭಾಗ ಮೋದೀಮ್ ಮೇಲೂ 'ಒಪ್ಪಿಕೊಳ್ಳುವುದು' ಎಂಬ ಈ ಮಾತನ್ನು ಹಚ್ಚಿ ನೋಡಿದೆ. 'ನೀನೇ ನಮ್ಮ ದೇವರು ಎಂದು ಒಪ್ಪಿಕೊಳ್ಳುತ್ತೇವೆ'. ಮೊದಲ ಸಾಲಿಗೆ ಸರಿಯಾಗಿ ಕೂತಿತು. ಆದರೆ ಮೋದೀಮಿನಲ್ಲಿ ಪಾಪದ ಮಾತೇ ಇಲ್ಲ. ಅದಕ್ಕೆ ವಿದ್ದೂಯಿ ಎಂಬ ತಪ್ಪೊಪ್ಪಿಗೆಯ ಪ್ರಾರ್ಥನೆ ಬೇರೆ ಇದೆ. ಎರಡೂ ಯಾವಾಗ ಬೇರೆ ಮನೆ ಮಾಡಿದವು ಅಂತ ಈಗ ಅದರ ಹಿಂದೆ ಬಿದ್ದಿದ್ದೇನೆ. ಇನ್ನೊಂದು ಪುಸ್ತಕ, ಇನ್ನೊಂದು 1,500 ರೂಪಾಯಿ. ಮನೆಯಲ್ಲಿ ಇನ್ನೂ ಹೇಳಿಲ್ಲ.