ಪೋಸ್ಟಿಂಗ್ ಬದಲಿಸಬೇಕಾ? ನಾಲ್ಕು ಖಾನೆ ತಿದ್ದಿಸಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಎಂಬಿಬಿಎಸ್ ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುವ ಹೌಸ್ ಸರ್ಜನ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಗೋಳು. ‘ವಿಜಯದಶಮಿ ದಿನ ನನ್ನ ಕ್ಯಾಷುಯಾಲ್ಟಿ ಡ್ಯೂಟಿ ಯಾರಾದ್ರೂ ತಗೋತೀರಾ?’ ಅಂತ ಒಬ್ಬರು ಹಾಕುತ್ತಾರೆ. ಎಲ್ಲರೂ ನೋಡುತ್ತಾರೆ, ಯಾರೂ ಉತ್ತರ ಕೊಡುವುದಿಲ್ಲ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಗೆ ಗಾಡಿ ಬಿಡುವುದಿಲ್ಲ. ಕೆ.ಆರ್. ಆಸ್ಪತ್ರೆಯಲ್ಲಿ ಸಂಜೆ ಡ್ಯೂಟಿ ಇದ್ದವರು ಬೆಳಿಗ್ಗೆಯೇ ಬಂದು ಒಳಗೆ ಸೇರಿಕೊಳ್ಳುವುದು ವಾಸಿ. ಇಲ್ಲದಿದ್ದರೆ ಜನರ ಮಧ್ಯೆ ಏಪ್ರನ್ ಮೇಲೆತ್ತಿ ತೋರಿಸುತ್ತಾ ‘ಡಾಕ್ಟ್ರು ಸಾರ್, ಬಿಡಿ ಸಾರ್’ ಅಂತ ಪೊಲೀಸರನ್ನು ಬೇಡಿಕೊಳ್ಳಬೇಕಾಗುತ್ತದೆ.

ಇದು ಒಂದು ದಿನದ ತಾಪತ್ರಯ. ಕೆಲವರದು ಇನ್ನೂ ದೊಡ್ಡದು. ಮನೆಯಲ್ಲಿ ಮದುವೆ, ಅಪ್ಪನ ಆಪರೇಷನ್, ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆ. ಅವರಿಗೆ ಪೋಸ್ಟಿಂಗೇ, ಅಂದರೆ ಆ ವಾರಗಳಲ್ಲಿ ಕೆಲಸ ಮಾಡುವ ವಿಭಾಗವೇ, ಬದಲಾಗಬೇಕು. ನಾನು ಹೌಸ್ ಸರ್ಜನ್ ಆಗಿದ್ದಾಗ ಇದರಲ್ಲಿ ಚೆನ್ನಾಗಿಯೇ ಎಡವಿದವನು. ಆಮೇಲೆ ಜೂನಿಯರ್‌ಗಳ ಪೋಸ್ಟಿಂಗ್ ಲಿಸ್ಟ್ ಮಾಡುವುದಕ್ಕೂ ಕೂತಿದ್ದೇನೆ. ಎರಡೂ ಕಡೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಲಿಸ್ಟ್ ಹೇಗೆ ಹುಟ್ಟುತ್ತದೆ

ಎಂಬಿಬಿಎಸ್ ನಾಲ್ಕೂವರೆ ವರ್ಷ, ಅದರ ಮೇಲೆ 1 ವರ್ಷ ಇಂಟರ್ನ್‌ಶಿಪ್. ವಾರ್ಡಿನ ಪೋಸ್ಟಿಂಗ್ ಎರಡನೇ ವರ್ಷದಿಂದಲೇ ಶುರು. ಹೆಚ್ಚಿನ ಕಡೆ ರೋಲ್ ನಂಬರ್ ಪ್ರಕಾರ ಬ್ಯಾಚ್ ಮಾಡಿ, ಒಂದೊಂದು ಬ್ಯಾಚನ್ನು ಒಂದೊಂದು ವಿಭಾಗಕ್ಕೆ ಹಾಕುತ್ತಾರೆ. ಆ ಹಂತದಲ್ಲಿ ಬದಲಾವಣೆಗೆ ಜಾಗ ಇಲ್ಲ ಅಂತಲೇ ಇಟ್ಟುಕೊಳ್ಳಿ. ಇಡೀ ಬ್ಯಾಚು ಒಟ್ಟಿಗೆ ತಿರುಗುತ್ತದೆ. ಪರೀಕ್ಷೆಗೆ ಕೂರಲು ಕ್ಲಿನಿಕಲ್ ಹಾಜರಿ ಶೇ 80 ಬೇಕು. ಜ್ವರ ಬಂದು ಮಲಗಿ ಹಾಜರಿ ಕಡಿಮೆಯಾದರೆ ವಿಭಾಗದ ಮುಖ್ಯಸ್ಥರನ್ನು ಕೇಳಿ, ಬೇರೆ ಬ್ಯಾಚಿನ ಜೊತೆ ಆ ದಿನಗಳನ್ನು ತುಂಬಿಸಿಕೊಳ್ಳಬೇಕು. ಅಷ್ಟೇ.

ಇಂಟರ್ನ್‌ಶಿಪ್ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ಲಿಸ್ಟಿನಲ್ಲಿ 52 ವಾರದ ತಮ್ಮದೇ ಸಾಲು ಇರುತ್ತದೆ, ಅದರಲ್ಲಿ ಒಂದೊಂದು ಪೋಸ್ಟಿಂಗಿಗೆ ಒಂದೊಂದು ಖಾನೆ. ಯಾವ ವಿಭಾಗಕ್ಕೆ ಎಷ್ಟು ವಾರ ಎನ್ನುವುದನ್ನು ಕಾಲೇಜು ತೀರ್ಮಾನಿಸುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಲ್ಲೇ ಅದು ಇದೆ. ಕಮ್ಯುನಿಟಿ ಮೆಡಿಸಿನ್ 12 ವಾರ. ಹೆರಿಗೆ ಮತ್ತು ಸ್ತ್ರೀರೋಗ 7. ಮೆಡಿಸಿನ್ 6, ಸರ್ಜರಿ 6, ಮಕ್ಕಳ ವಿಭಾಗ 3. ಕಣ್ಣು, ಇಎನ್‌ಟಿ (ಕಿವಿ, ಮೂಗು, ಗಂಟಲು), ಮೂಳೆ, ಮನೋರೋಗ, ಅರಿವಳಿಕೆ, ಕ್ಯಾಷುಯಾಲ್ಟಿ ತಲಾ 2. ಚರ್ಮರೋಗ, ಫೊರೆನ್ಸಿಕ್ ತಲಾ 1. ಉಳಿದ 4 ವಾರ ಎಲೆಕ್ಟಿವ್, ಅಂದರೆ ಆಯ್ದುಕೊಳ್ಳುವ ವಿಭಾಗ.

ಈಗ 150 ಜನರ ಬ್ಯಾಚ್ ಅಂತ ಲೆಕ್ಕ ಹಾಕಿ. ಯಾವ ವಾರ ನೋಡಿದರೂ ಸುಮಾರು 35 ಜನ ಕಮ್ಯುನಿಟಿ ಮೆಡಿಸಿನ್‌ನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಕಡೆ ಇರುತ್ತಾರೆ. ಹೆರಿಗೆ ವಿಭಾಗದಲ್ಲಿ 20 ಜನ. ಮೆಡಿಸಿನ್‌ನಲ್ಲಿ 17. ಫೊರೆನ್ಸಿಕ್‌ನಲ್ಲಿ ಮೂರೇ ಜನ. ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್ ನೋಡಿದ್ದೀರಲ್ಲ, ಹಾಗೆಯೇ ಇದು. ತೊಟ್ಟಿಲು ಒಂದೂ ಖಾಲಿ ಬಿಡುವ ಹಾಗಿಲ್ಲ, ಒಂದರಲ್ಲೇ ಜಾಸ್ತಿ ಜನ ಕೂರುವ ಹಾಗೂ ಇಲ್ಲ. ‘ನನ್ನೊಬ್ಬನನ್ನು ಬಿಟ್ಟರೆ ಏನಾಗುತ್ತೆ?’ ಅಂತ ಕೇಳುವವರಿಗೆ ಫೊರೆನ್ಸಿಕ್ ಲೆಕ್ಕ ತೋರಿಸಬೇಕು. ಅಲ್ಲಿ ಒಬ್ಬ ಹೋದರೆ ಮೂರರಲ್ಲಿ ಒಂದು ಪಾಲು ಹೋಯಿತು.

ಪೋಸ್ಟಿಂಗ್ ಬದಲಾದರೆ ಕೆಲಸ ಬದಲಾಗುತ್ತದೆ, ಓಡಾಟವೂ ಬದಲಾಗುತ್ತದೆ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಮೈಸೂರಿನ ಸರ್ಕಾರಿ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದದ್ದು. ಅದರ ಮಕ್ಕಳಿಗೆ ಕೆ.ಆರ್. ಆಸ್ಪತ್ರೆ ಒಂದೇ ಅಲ್ಲ, ಹೆಂಗಸರು ಮಕ್ಕಳಿಗೆಂದು ಇರುವ ಚೆಲುವಾಂಬ ಇದೆ, ಟಿಬಿಗೆ ಪಿಕೆಟಿಬಿ ಇದೆ. ಇನ್ನು ಮಂಡ್ಯದ ಕಾಲೇಜಿಗೆ ಮೈಸೂರಿನ ಮನೆಯಿಂದ ದಿನಾ ಓಡಾಡುವವರಿಗೆ ಹೋಗುವಾಗ 45 ಕಿಲೋಮೀಟರ್, ಬರುವಾಗ 45. ಅಂಥವರು ರಾತ್ರಿ ಡ್ಯೂಟಿ ಜಾಸ್ತಿ ಇರುವ ಪೋಸ್ಟಿಂಗ್ ಒಪ್ಪಿಕೊಳ್ಳುವ ಮೊದಲು ಕೊನೆಯ ಬಸ್ಸು, ರೈಲಿನ ಸಮಯ ನೋಡಿಕೊಂಡಿರಬೇಕು.

ಬೇಕಾದದ್ದು ಡ್ಯೂಟಿ ಬದಲಾವಣೆಯಾ, ರಜೆಯಾ, ಪೋಸ್ಟಿಂಗಾ?

ಇದನ್ನು ಮೊದಲು ತೀರ್ಮಾನ ಮಾಡಿ. ಒಂದೆರಡು ದಿನದ ಮಾತಾದರೆ ಯೂನಿಟ್ ಒಳಗೇ, ಅಂದರೆ ವಿಭಾಗದಲ್ಲಿ ನೀವಿರುವ ತಂಡದೊಳಗೇ, ಮುಗಿಯುತ್ತದೆ. ಅದೇ ಯೂನಿಟ್ಟಿನ ಇನ್ನೊಬ್ಬರು ಒಪ್ಪಬೇಕು, ಡ್ಯೂಟಿ ಚಾರ್ಟ್ ಹಾಕುವ ಪಿಜಿಗೆ (ಸ್ನಾತಕೋತ್ತರ ವಿದ್ಯಾರ್ಥಿಗೆ) ಹೇಳಬೇಕು, ಚಾರ್ಟಿನಲ್ಲಿ ಹೆಸರು ತಿದ್ದಬೇಕು. ಮೂರು, ನಾಲ್ಕು ದಿನದ ಮಾತಾದರೆ ರಜೆ ಕೇಳಿ. ಇಡೀ ಇಂಟರ್ನ್‌ಶಿಪ್‌ಗೆ 15 ದಿನ ರಜೆ ಇದೆ, ಮೊದಲೇ ಅನುಮತಿ ತೆಗೆದುಕೊಂಡಿರಬೇಕು. ಆ 15 ದಿನವನ್ನು ಮೊದಲ ಎರಡು ತಿಂಗಳಲ್ಲೇ ಖಾಲಿ ಮಾಡಿಕೊಂಡು, ಪರೀಕ್ಷೆ ಹೊತ್ತಿಗೆ ಕೈ ಹಿಸುಕಿಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ವಾರಗಟ್ಟಲೆ ಬೇಕು ಅಂದಾಗ ಮಾತ್ರ ಪೋಸ್ಟಿಂಗ್ ಬದಲಾವಣೆಗೆ ಕೈ ಹಾಕಿ.

ನಾಲ್ಕು ಖಾನೆ

ಇಲ್ಲೇ ನಾನು ಕೆಟ್ಟದ್ದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಳವಳ್ಳಿಯಲ್ಲಿ ಅಕ್ಕನ ಮದುವೆ, ಜೂನ್ ಮೊದಲ ವಾರ. ಆಗ ನನಗೆ ಇಎನ್‌ಟಿ ಪೋಸ್ಟಿಂಗ್, ರಾತ್ರಿ ಡ್ಯೂಟಿ ಬೇರೆ. ಗೆಳೆಯನೊಬ್ಬನಿಗೆ ಅದೇ 2 ವಾರ ಕಣ್ಣಿನ ಪೋಸ್ಟಿಂಗ್. ನಮ್ಮಲ್ಲಿ ಕಣ್ಣಿನ ವಿಭಾಗದಲ್ಲಿ ಇಂಟರ್ನ್‌ಗೆ ರಾತ್ರಿ ಡ್ಯೂಟಿ ಇರಲಿಲ್ಲ. ಕ್ಯಾಂಟೀನಿನಲ್ಲಿ ಮಾತಾಡಿ, ‘ನೀನು ಇಎನ್‌ಟಿಗೆ ಹೋಗು, ನಾನು ಕಣ್ಣಿಗೆ ಹೋಗ್ತೀನಿ’ ಅಂತ ಮುಗಿಸಿಬಿಟ್ಟೆವು. ಎರಡೂ ವಿಭಾಗದಲ್ಲಿ ಬಾಯಲ್ಲಿ ಹೇಳಿದೆವು, ಅವರೂ ಹೂಂ ಅಂದರು. ಮದುವೆ ಚೆನ್ನಾಗಿ ಆಯಿತು. ನಾನು ರಾತ್ರಿ ಆರತಕ್ಷತೆಯಲ್ಲಿ ಬಡಿಸುವುದಕ್ಕೂ ನಿಂತಿದ್ದೆ.

ಸೆಪ್ಟೆಂಬರ್ ಬಂತು. ಲಿಸ್ಟಿನಲ್ಲಿ ನನ್ನ ಸಾಲಿನಲ್ಲಿ ‘ಕಣ್ಣು’ ಅಂತ ಇತ್ತು. ಲಿಸ್ಟ್ ನೋಡಿಕೊಂಡು ಸುಮ್ನೆ ಕಣ್ಣಿನ ವಿಭಾಗಕ್ಕೆ ಹೋದೆ. ಅಂದರೆ ಕಣ್ಣು ಎರಡು ಸಲ, ಇಎನ್‌ಟಿ ಒಂದು ಸಲವೂ ಇಲ್ಲ. ಕೊನೆಯಲ್ಲಿ, ಪ್ರತಿ ಪೋಸ್ಟಿಂಗಿನ ಸಹಿ ಇರಬೇಕಾದ ಲಾಗ್‌ಬುಕ್ ತಪಾಸಣೆಯ ದಿನ ಗುಮಾಸ್ತರು ಪುಟ ತಿರುವುತ್ತಾ, ‘ಇಎನ್‌ಟಿ ಸೈನ್ ಎಲ್ಲಿ ಡಾಕ್ಟ್ರೇ?’ ಅಂದರು. ಬೆವರು ಬಂತು. ಗೆಳೆಯನದೂ ಉಲ್ಟಾ ಅದೇ ಕಥೆ, ಮೂಗು ಕಿವಿ ಎರಡು ಸಲ. ಜೊತೆಯವರೆಲ್ಲ ಸರ್ಟಿಫಿಕೇಟ್ ಹಿಡಿದು ಊರಿಗೆ ಹೋದ ಮೇಲೆ ನಾವಿಬ್ಬರು ಇನ್ನೂ 2 ವಾರ ಕೆಲಸ ಮಾಡಿದೆವು. ಆ ದಿನಗಳಿಗೆ ಸ್ಟೈಪೆಂಡ್ ಬರಲಿಲ್ಲ. ಕಚೇರಿಯವರೇನೂ ಎಚ್ಚರಿಸಿರಲಿಲ್ಲ ಅಂತ ಆಗ ಬೈದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರಿಗೆ ನಾವು ಹೇಳಿಯೇ ಇರಲಿಲ್ಲವಲ್ಲ.

ವಿಷಯ ಇಷ್ಟು. ಜೂನ್ ಖಾನೆಯನ್ನು ಇಬ್ಬರೂ ಬದಲಿಸಿಕೊಂಡರೆ ಎರಡು ಖಾನೆ ಆಯಿತು. ಮುಂದೆ ನನಗೆ ಕಣ್ಣು ಇರುವ ಕಡೆ ಇಎನ್‌ಟಿ ಬರಬೇಕು, ಅದು ಮೂರನೇ ಖಾನೆ. ಅವನಿಗೆ ಇಎನ್‌ಟಿ ಇರುವ ಕಡೆ ಕಣ್ಣು ಬರಬೇಕು, ಅದು ನಾಲ್ಕನೇ ಖಾನೆ. ಅಷ್ಟು ಸಾಲದು. ನಮ್ಮಿಬ್ಬರ ಉಳಿದ ಖಾನೆಗಳು ಬೇರೆ ಬೇರೆ ತಿಂಗಳಲ್ಲಿದ್ದವು. ನನ್ನದು ಸೆಪ್ಟೆಂಬರ್, ಅವನದು ಡಿಸೆಂಬರ್. ಹಾಗಾದಾಗ ಸೆಪ್ಟೆಂಬರಿನಲ್ಲಿ ಕಣ್ಣಿನ ವಿಭಾಗಕ್ಕೆ ಒಬ್ಬರು ಕಡಿಮೆ, ಇಎನ್‌ಟಿಗೆ ಒಬ್ಬರು ಜಾಸ್ತಿ. ಡಿಸೆಂಬರಿನಲ್ಲಿ ಅದರ ಉಲ್ಟಾ. ಎರಡೂ ವಿಭಾಗದವರು ಇದಕ್ಕೂ ಒಪ್ಪಬೇಕು. ಆದ್ದರಿಂದ ಎರಡೂ ಖಾನೆಯ ವಾರಗಳು ನಿಮ್ಮವಕ್ಕೆ ಹೊಂದುವ ಜೊತೆಗಾರರು ಸಿಕ್ಕರೆ ಬಿಡಬೇಡಿ.

ಮಾಡಬೇಕಾದ ಕೆಲಸ ಸುಲಭ. ಲಿಸ್ಟಿನ ಝೆರಾಕ್ಸ್ ತೆಗೆಸಿ. ನಿಮ್ಮ ಸಾಲು, ಜೊತೆಗಾರರ ಸಾಲು, ಎರಡಕ್ಕೂ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಬದಲಾಗುವ ನಾಲ್ಕು ಖಾನೆಗೂ ಸುತ್ತು ಹಾಕಿ. ನಾಲ್ಕು ಸುತ್ತು ಕಾಣದಿದ್ದರೆ ಲೆಕ್ಕ ತಪ್ಪಿದೆ. ಆಮೇಲೆ ಬದಲಾದ ನಿಮ್ಮ ಸಾಲನ್ನು ಮೊದಲಿಂದ ಓದಿ, ವಾರ ಕೂಡಿಸಿ. 52 ಬರಬೇಕು, ಯಾವ ವಿಭಾಗವೂ ಎರಡು ಸಲ ಬರಬಾರದು.

ಜೊತೆಗಾರರನ್ನು ಹುಡುಕುವುದು

ವಾರಗಳು ಸಮ ಇರಬೇಕು. 2 ವಾರದ್ದಕ್ಕೆ 2 ವಾರದ್ದೇ. ಮಕ್ಕಳ ವಿಭಾಗದ 3 ವಾರಕ್ಕೆ ಇಎನ್‌ಟಿ 2, ಚರ್ಮರೋಗ 1 ಸೇರಿಸಿ ಹೊಂದಿಸಬಹುದು. ಆದರೆ ಆಗ ಖಾನೆ ಆರಾಗುತ್ತದೆ, ಮೂರು ವಿಭಾಗದ ಸಹಿ ಬೇಕಾಗುತ್ತದೆ. ನನ್ನ ಮಾತು ಕೇಳಿದರೆ ಅದರ ಸಹವಾಸ ಬೇಡ.

ಗುಂಪಿನಲ್ಲಿ ಮೆಸೇಜ್ ಹಾಕಿ ಕಾಯಬೇಡಿ. ಲಿಸ್ಟ್ ನೋಡಿ, ಯಾರಿಗೆ ಹೊಂದುತ್ತದೆ ಅಂತ ಗುರುತಿಸಿ, ನೇರವಾಗಿ ಹೋಗಿ ಕೇಳಿ. ಅವರಿಗೂ ಏನಾದರೂ ಅನುಕೂಲ ಆಗಬೇಕಲ್ವಾ? ಪಿಎಚ್‌ಸಿ ಹತ್ತಿರವೇ ಮನೆ ಇರುವವರು, ಯುಗಾದಿಗೆ ಊರಿಗೆ ಹೋಗಬೇಕು ಅನ್ನುವವರು, ಪರೀಕ್ಷೆಗೆ ಮುಂಚೆ ಹಗುರ ಪೋಸ್ಟಿಂಗ್ ಬೇಕು ಅನ್ನುವವರು ಸಿಗುತ್ತಾರೆ. ದುಡ್ಡು ಕೊಟ್ಟು ಇನ್ನೊಬ್ಬರಿಂದ ಡ್ಯೂಟಿ ಮಾಡಿಸುವ ಚಾಳಿಯೂ ಇದೆ, ಗೊತ್ತು. ಅದು ಬದಲಾವಣೆ ಅಲ್ಲ, ಮೋಸ. ರಾತ್ರಿ ರೋಗಿಗೆ ಏನಾದರೂ ಆದರೆ ಚಾರ್ಟಿನಲ್ಲಿ ಯಾರ ಹೆಸರಿದೆಯೋ ಅವರನ್ನೇ ಕರೆಯುತ್ತಾರೆ.

ಯಾರನ್ನು, ಯಾವಾಗ ಕೇಳುವುದು

ಮೊದಲು ಯೂನಿಟ್ಟಿನ ಪಿಜಿ, ಆಮೇಲೆ ಯೂನಿಟ್ ಚೀಫ್, ಆಮೇಲೆ ವಿಭಾಗದ ಮುಖ್ಯಸ್ಥರು (ಎಚ್‌ಒಡಿ). ಎಚ್‌ಒಡಿ ಹತ್ತಿರ ನೇರ ಹೋದರೆ ಅವರು ಪಿಜಿಯನ್ನೇ ಕರೆದು ಕೇಳುತ್ತಾರೆ, ‘ನನಗೇನೂ ಗೊತ್ತಿಲ್ಲ ಸರ್’ ಅಂತ ಪಿಜಿ ಅಂದರೆ ಅಲ್ಲಿಗೆ ಮುಗಿಯಿತು. ಒಪಿಡಿ ದಿನ, ಅಡ್ಮಿಷನ್ ದಿನ ಕೇಳಬೇಡಿ. ರೌಂಡ್ಸ್ ಮುಗಿದು ಅವರು ಕಾಫಿಗೆ ಕೂತಾಗ, ಕೈಯಲ್ಲಿ ಸುತ್ತು ಹಾಕಿದ ಲಿಸ್ಟ್ ಹಿಡಿದು, ಜೊತೆಗಾರರನ್ನೂ ಕರೆದುಕೊಂಡು ಹೋಗಿ. ‘ಮೇಡಂ, ನನ್ನ ಬದಲಿಗೆ ಇವರು ಬರ್ತಾರೆ’ ಅಂತ ಆಳನ್ನೇ ತೋರಿಸಿದರೆ ಅರ್ಧ ಕೆಲಸ ಆದ ಹಾಗೆ. ‘ನನಗೆ ಬರಕ್ಕಾಗಲ್ಲ’ ಅಂತ ಶುರು ಮಾಡಿದರೆ ಮಿಕ್ಕದ್ದನ್ನು ಅವರು ಕೇಳಿಸಿಕೊಳ್ಳುವುದೇ ಇಲ್ಲ.

ಎಷ್ಟು ಮುಂಚೆ? ಪೋಸ್ಟಿಂಗ್ ಶುರುವಾಗಲು ಕನಿಷ್ಠ ಒಂದು ತಿಂಗಳು ಇರುವಾಗ. ಕಾಯಿಲೆ, ಸಾವು ನೋವು ಬೇರೆ ಮಾತು. ವರ್ಷದ ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ಮೊದಲ ವಾರದಲ್ಲೇ ನೋಡಿಕೊಂಡರೆ ಇನ್ನೂ ಸುಲಭ. ಆಗ ಇಬ್ಬರೂ ಇಡೀ ವರ್ಷದ ಸಾಲನ್ನೇ ಬದಲಿಸಿಕೊಳ್ಳಬಹುದು. ಖಾನೆ ಲೆಕ್ಕವೇ ಬೇಡ, ಯಾವ ವಿಭಾಗಕ್ಕೂ ಜನ ಹೆಚ್ಚು ಕಡಿಮೆ ಆಗುವುದಿಲ್ಲ.

ಅರ್ಜಿ

ಒಂದೇ ಅರ್ಜಿ, ಇಬ್ಬರ ಸಹಿ. ಕಥೆ ಬರೆಯಬೇಡಿ. ಹೀಗಿದ್ದರೆ ಸಾಕು:

‘ಮಾನ್ಯರೇ, ವಿಷಯ: ಇಂಟರ್ನ್‌ಶಿಪ್ ಪೋಸ್ಟಿಂಗ್ ಪರಸ್ಪರ ಬದಲಾವಣೆ ಕೋರಿ. ರೋಲ್ ನಂ. 42 ಮತ್ತು ರೋಲ್ ನಂ. 97 ಆದ ನಾವು, ಮನೆಯಲ್ಲಿ ಮದುವೆ ಇರುವ ಕಾರಣ, ಕೆಳಗೆ ತೋರಿಸಿದಂತೆ ಪೋಸ್ಟಿಂಗ್ ಬದಲಾಯಿಸಿಕೊಳ್ಳಲು ಅನುಮತಿ ಕೋರುತ್ತೇವೆ.’

ಅದರ ಕೆಳಗೆ ಚಿಕ್ಕ ಪಟ್ಟಿ. ನಾಲ್ಕು ಸಾಲು, ಪ್ರತಿ ಸಾಲಿನಲ್ಲಿ ರೋಲ್ ನಂಬರ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಈಗ ಇರುವ ವಿಭಾಗ, ಬೇಕಾದ ವಿಭಾಗ. ‘ಮೂಲಕ’ ಅಂತ ಬರೆದು ಎರಡೂ ವಿಭಾಗದ ಮುಖ್ಯಸ್ಥರ ಹೆಸರು ಹಾಕಿ, ಅವರ ಸಹಿ ಮಾಡಿಸಿ. ಮದುವೆಯಾದರೆ ಲಗ್ನಪತ್ರಿಕೆ, ಆಪರೇಷನ್ ಆದರೆ ಡಾಕ್ಟರ ಚೀಟಿ ಜೊತೆಗಿಡಿ. ಲಗ್ನಪತ್ರಿಕೆ ಕೊಡುವಾಗ ಗುಮಾಸ್ತರ ಹೆಸರಿಗೂ ಒಂದು ಬರೆದು ಕೊಡಿ, ತಪ್ಪೇನಿಲ್ಲ.

ಅರ್ಜಿ ಡೀನ್ ಕಚೇರಿಯ ಟಪಾಲಿಗೆ ಹೋಗಬೇಕು. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಎರಡು ದಿನ ಬಿಟ್ಟು ಹೋಗಿ ಕೇಳಿ. ಒಪ್ಪಿಗೆ ಅಂತ ಸಹಿ ಆದ ಮೇಲೂ ಕೆಲಸ ಉಳಿದಿರುತ್ತದೆ. ಆ ಪ್ರತಿಯನ್ನು ಎರಡೂ ವಿಭಾಗದ ಕಚೇರಿಗೆ ನೀವೇ ತಲುಪಿಸಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಒಂದು ಕಡೆ ತೆಗೆದು ಇನ್ನೊಂದು ಕಡೆ ಸೇರಿಸಿದ್ದನ್ನು ಕಣ್ಣಾರೆ ನೋಡಿ. ಇಲ್ಲದಿದ್ದರೆ ಹಳೇ ವಿಭಾಗದಲ್ಲಿ ಆಬ್ಸೆಂಟ್ ಬೀಳುತ್ತಾ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮೂರನೇ, ನಾಲ್ಕನೇ ಖಾನೆಯ ತಾರೀಖನ್ನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನೋಟಿಸ್ ಬೋರ್ಡಿನಲ್ಲಿ ಹಳೇ ಲಿಸ್ಟೇ ನೇತಾಡುತ್ತಿರುತ್ತದೆ.

ಬೇಡ ಅಂದರೆ

ಕೆಲವೊಮ್ಮೆ ಅಂತಾರೆ. ಕಾರಣ ಕೇಳಿ. ಜನ ಸಾಲದು ಅಂದರೆ ಬೇರೆ 2 ವಾರ ಹುಡುಕಿ ಮತ್ತೆ ಹೋಗಿ. ಕೊನೆಯ ಎರಡು ತಿಂಗಳಲ್ಲಿ ಮಾತ್ರ ಬದಲಾವಣೆ ಕೇಳಲೇಬೇಡಿ. ಆಗ ಒಂದು ತಪ್ಪಾದರೆ ಸರಿಮಾಡಲು ವಾರಗಳೇ ಉಳಿದಿರುವುದಿಲ್ಲ. ಇಂಟರ್ನ್‌ಶಿಪ್ ಮುಗಿಯುವ ತಾರೀಖು ಮುಂದೆ ಹೋದರೆ ನೀಟ್ ಪಿಜಿಗೆ ಕೊಟ್ಟಿರುವ ಕಡೇ ದಿನಾಂಕಕ್ಕೆ ಪೆಟ್ಟು ಬೀಳಬಹುದು, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಪೂರ್ಣ ನೋಂದಣಿಯೂ ಅಷ್ಟು ತಡವಾಗುತ್ತದೆ.

ಪ್ರತಿ ಪೋಸ್ಟಿಂಗ್ ಮುಗಿದ ದಿನವೇ ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೊರಡಿ. ಬದಲಾಯಿಸಿಕೊಂಡ ಪೋಸ್ಟಿಂಗ್ ಆದರೆ ಅನುಮತಿ ಪತ್ರದ ಝೆರಾಕ್ಸನ್ನು ಆ ಪುಟಕ್ಕೇ ಪಿನ್ ಮಾಡಿ. ಗುಮಾಸ್ತರು ಪುಟ ತಿರುವುವಾಗ ಅದು ಕಣ್ಣಿಗೆ ಬೀಳಬೇಕು.